ಉಸಿರು ಸರಾಗವಾಯಿತೆಂದರೆ ಕವಾಟ ತೆರೆಯಿತೆಂದಲ್ಲ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕ. ನನ್ನ ತಂಗಿಗೆ ಈಗ 26 ವರ್ಷ. ಎಂಟು ತಿಂಗಳ ಹಿಂದೆ ಅವಳಿಗೆ ಮೊದಲ ಹೆರಿಗೆಯಾಯಿತು. ಬಸುರಿಯಾಗಿದ್ದಾಗ ಏಳನೇ ತಿಂಗಳಿನಿಂದ ನಾಲ್ಕು ಮೆಟ್ಟಿಲು ಹತ್ತಿದರೂ ದಮ್ಮು ಬರುತ್ತಿತ್ತು. ರಕ್ತ ಕಡಿಮೆಯಿದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಹೆರಿಗೆಯಾದ ರಾತ್ರಿಯೇ ಮಲಗಲಾರದಷ್ಟು ಉಸಿರು ಕಟ್ಟಿ, ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ ಬಂದು, ಮೂರು ದಿನ ಐಸಿಯುನಲ್ಲಿದ್ದಳು. ಆಗ ಎಕೋ ಮಾಡಿ ಹೃದಯದ ಬಾಗಿಲು ಕಿರಿದಾಗಿದೆ ಎಂದರು. ಮಾತ್ರೆ ಶುರುವಾದ ಮೇಲೆ ಆರಾಮಾಗಿದ್ದಾಳೆ, ಮನೆಕೆಲಸವನ್ನೂ ಮಾಡುತ್ತಾಳೆ. ಒಬ್ಬ ವೈದ್ಯರು ಬಲೂನ್ ಚಿಕಿತ್ಸೆ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಕವಾಟವನ್ನೇ ಬದಲಿಸಬೇಕು ಎನ್ನುತ್ತಾರೆ. ಗಂಡನ ಮನೆಯವರು, ‘ಆರಾಮಿರುವವಳಿಗೆ ಆಪರೇಷನ್ ಯಾಕೆ, ಇನ್ನೊಂದು ಮಗುವಾಗಲಿ, ಆಮೇಲೆ ನೋಡೋಣ’ ಎನ್ನುತ್ತಿದ್ದಾರೆ. ಹೃದಯದಲ್ಲಿ ತೂತಿದೆಯಂತೆ ಎಂದು ಊರಲ್ಲಿ ಸುದ್ದಿಯಾಗಿದೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬರೆದುಕೊಟ್ಟಿದ್ದಾರೆ. ಅದನ್ನು ಹಾಕಲು ನಮ್ಮ ಕಡೆ ಯಾರೂ ಒಪ್ಪುತ್ತಿಲ್ಲ, ಎಷ್ಟು ವರ್ಷ ಹಾಕಿಸಬೇಕೆಂದೂ ತಿಳಿಯದು. ಅವಳಿಗೆ ಹನ್ನೊಂದು ವರ್ಷವಿದ್ದಾಗ ಜ್ವರ ಬಂದು ಮೊಣಕಾಲು ಬಾತುಕೊಂಡಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಎಕೋ ವರದಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ದಯವಿಟ್ಟು ಹೆಸರು ಬೇಡ.

ಉತ್ತರ: ನಿಮ್ಮ ಪತ್ರವನ್ನೂ ವರದಿಯನ್ನೂ ಎರಡೆರಡು ಬಾರಿ ಓದಿದೆ. ನೀವು ಕೇಳಿರುವ ಪ್ರಶ್ನೆಗಳು ಹಲವು, ಆದರೆ ಅವೆಲ್ಲದರ ಬುಡದಲ್ಲಿರುವುದು ಒಂದೇ ಪ್ರಶ್ನೆ: ಮಾತ್ರೆಯಿಂದ ಆರಾಮಾಗಿರುವವಳಿಗೆ ಈಗಲೇ ಕವಾಟದ ಚಿಕಿತ್ಸೆ ಮಾಡಿಸಬೇಕೇ, ಅಥವಾ ಇನ್ನೊಂದು ಹೆರಿಗೆ ಮುಗಿಯುವವರೆಗೆ ಕಾಯಬಹುದೇ ಎಂಬುದು. ಕಾಯಬಾರದು, ಇನ್ನೊಂದು ಬಸುರಿಗಂತೂ ಖಂಡಿತ ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ನಾನು ಅವರನ್ನು ಕಣ್ಣಾರೆ ನೋಡಿ ಪರೀಕ್ಷಿಸಿಲ್ಲವಾದ್ದರಿಂದ ಕೊನೆಯ ತೀರ್ಮಾನ ಪರೀಕ್ಷಿಸಿದ ವೈದ್ಯರದೇ ಆಗಬೇಕು. ಆದರೆ ನೀವು ಕಳಿಸಿದ ವರದಿಯಲ್ಲಿರುವ ಅಂಕಿಗಳು ಇಷ್ಟನ್ನು ಹೇಳಲು ಸಾಲುವಷ್ಟು ಸ್ಪಷ್ಟವಾಗಿವೆ.

ಮೊದಲು ಊರಿನ ಸುದ್ದಿಯನ್ನು ಮುಗಿಸೋಣ. ನಿಮ್ಮ ತಂಗಿಯ ಹೃದಯದಲ್ಲಿ ತೂತಿಲ್ಲ. ತೂತು ಎಂದು ಜನ ಕರೆಯುವ ಕಾಯಿಲೆ ಹುಟ್ಟಿನಿಂದಲೇ ಇರುವಂಥದ್ದು. ಹೃದಯದ ಕೋಣೆಗಳ ನಡುವಿನ ಗೋಡೆ ಪೂರ್ತಿ ಕೂಡಿಕೊಳ್ಳದೆ ಉಳಿದಿರುವಂಥದ್ದು. ಇವರ ತೊಂದರೆ ಅದಕ್ಕೆ ತದ್ವಿರುದ್ಧ. ಇರಬೇಕಾದ ದಾರಿಯೇ ಇಲ್ಲಿ ಮುಚ್ಚಿಕೊಳ್ಳುತ್ತಿದೆ. ನೀವು ಮಕ್ಕಳಿಗೆ ಪಾಠ ಮಾಡುವ ಚಿತ್ರವನ್ನೇ ನೆನಪಿಸಿಕೊಳ್ಳಿ: ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತ ಎಡ ಹೃತ್ಕರ್ಣಕ್ಕೆ ಇಳಿಯುತ್ತದೆ, ಅಲ್ಲಿಂದ ಎರಡು ಎಸಳಿನ ಕವಾಟವನ್ನು ದಾಟಿ ಎಡ ಹೃತ್ಕುಕ್ಷಿಗೆ ಹೋಗುತ್ತದೆ, ಅದು ದೇಹಕ್ಕೆಲ್ಲ ರಕ್ತ ದೂಡುತ್ತದೆ. ಈ ದ್ವಿದಳ ಕವಾಟವನ್ನು ನಾವು ಮೈಟ್ರಲ್ ಕವಾಟ ಎನ್ನುತ್ತೇವೆ. ಆರೋಗ್ಯವಂತರಲ್ಲಿ ಅದು ಪೂರ್ತಿ ತೆರೆದಾಗ 4ರಿಂದ 6 ಚದರ ಸೆಂಟಿಮೀಟರ್ ಜಾಗ ಸಿಗುತ್ತದೆ. ನಿಮ್ಮ ತಂಗಿಯ ವರದಿಯಲ್ಲಿ ಅದು 0.9 ಎಂದಿದೆ. 1.5ಕ್ಕೆ ಇಳಿದರೆ ತೀವ್ರ ಎಂದೂ, 1ಕ್ಕೆ ಇಳಿದರೆ ಅತಿ ತೀವ್ರ ಎಂದೂ ನಾವು ಲೆಕ್ಕ ಹಾಕುತ್ತೇವೆ. ಎರಡು ಎಸಳುಗಳು ಕೂಡುವ ಅಂಚುಗಳು ಒಂದಕ್ಕೊಂದು ಅಂಟಿಕೊಂಡು, ದರ್ಜಿಗಳು ಕಾಜಾ ಎನ್ನುತ್ತಾರಲ್ಲ, ಅಂಗಿಯ ಗುಂಡಿ ತೂರಿಸುವ ಸೀಳು, ಅಂಥದೊಂದು ಸಂದು ಮಾತ್ರ ನಡುವೆ ಉಳಿದಿರುತ್ತದೆ.

ಹನ್ನೊಂದನೇ ವಯಸ್ಸಿನ ಮೊಣಕಾಲು ಬಾವಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಬಹುತೇಕ ಇದೆ. ಆ ಕಾಯಿಲೆಯ ಹೆಸರು ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಬೇನೆಯಾದ ಎರಡು ಮೂರು ವಾರಗಳ ನಂತರ ಜ್ವರ ಬರುತ್ತದೆ, ದೊಡ್ಡ ಕೀಲುಗಳು ಬಾಯುತ್ತವೆ. ಇವತ್ತು ಮೊಣಕಾಲು, ನಾಳಿದ್ದು ಅದು ಇಳಿದು ಹಿಮ್ಮಡಿಯ ಕೀಲು, ಆಮೇಲೆ ಮೊಣಕೈ ಎಂದು ನೋವು ಜಾಗ ಬದಲಿಸುತ್ತ ಹೋಗುವುದು ಅದರ ಗುರುತು. ಆ ಬ್ಯಾಕ್ಟೀರಿಯಾದ ಹೊರಮೈಯ ಪ್ರೋಟೀನಿಗೂ ನಮ್ಮ ಹೃದಯದ ಅಂಗಾಂಶಕ್ಕೂ ಒಂದಿಷ್ಟು ಹೋಲಿಕೆಯಿರುವುದರಿಂದ, ಬ್ಯಾಕ್ಟೀರಿಯಾವನ್ನು ಕೊಲ್ಲಲು ದೇಹ ತಯಾರಿಸಿದ ಪ್ರತಿಕಾಯಗಳು ಗುರುತು ತಪ್ಪಿ ಕವಾಟದ ಮೇಲೂ ಎರಗುತ್ತವೆ. ಕೀಲಿನ ಬಾವು ಯಾವ ಗುರುತನ್ನೂ ಉಳಿಸದೆ ಮಾಯವಾಗುತ್ತದೆ. ಸೊಪ್ಪಿನ ಪಟ್ಟು ಹಾಕಿದವರಿಗೆ ಕೀರ್ತಿ ಬರುವುದು ಈ ಕಾರಣಕ್ಕೇ, ಏನೂ ಹಾಕದಿದ್ದರೂ ಅದು ಇಳಿಯುತ್ತಿತ್ತು. ಕವಾಟದ ಮೇಲಾದ ಗಾಯ ಮಾತ್ರ ವರ್ಷಗಟ್ಟಲೆ ಸದ್ದಿಲ್ಲದೆ ಕಲೆಗಟ್ಟುತ್ತ, ದಪ್ಪವಾಗುತ್ತ, ಅಂಚುಗಳನ್ನು ಅಂಟಿಸುತ್ತ ಹೋಗುತ್ತದೆ. ನಮ್ಮ ದೇಶದಲ್ಲಿ ಇಪ್ಪತ್ತು ತುಂಬುವ ಮುಂಚೆಯೇ ಕವಾಟ ಪೂರ್ತಿ ಕಿರಿದಾದವರನ್ನು ನೋಡುತ್ತೇವೆ. ಕಿರಿದಾದ ಮೈಟ್ರಲ್ ಕವಾಟ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ತಣ್ಣೀರು ಕುಡಿದಿದ್ದಕ್ಕೆ, ಮೊಸರು ತಿಂದಿದ್ದಕ್ಕೆ, ವಾಯು ಹೆಚ್ಚಾಗಿದ್ದಕ್ಕೆ ಇದು ಬರುವುದಿಲ್ಲ. ಇಕ್ಕಟ್ಟಾದ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವಲ್ಲಿ, ಗಂಟಲು ಬೇನೆಗೆ ಔಷಧ ಸಿಗದಲ್ಲಿ ಹೆಚ್ಚು ಬರುತ್ತದೆ. ಇಲ್ಲಿ ಇನ್ನೊಂದು ಮಾತು, ಸ್ವಲ್ಪ ದಾರಿ ತಪ್ಪಿದರೂ ಸರಿ. ಕಾಲುನೋವು ಎಂದು ಬಂದ ಮಗುವಿಗೆಲ್ಲ ಎಎಸ್‌ಒ ಎಂಬ ರಕ್ತಪರೀಕ್ಷೆ ಮಾಡಿಸಿ, ಅದು ಹೆಚ್ಚು ಬಂದಿತೆಂದು ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚಿಸಿಕೊಂಡ ಮಕ್ಕಳು ನನ್ನ ಹೊರರೋಗಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ. ಆ ಪರೀಕ್ಷೆ ಹೇಳುವುದು ಈಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗಲಿತ್ತು ಎಂಬುದನ್ನಷ್ಟೇ. ಹೃದಯಕ್ಕೆ ಪೆಟ್ಟಾಗಿದೆಯೇ ಇಲ್ಲವೇ ಎಂಬುದನ್ನು ಹೇಳುವುದು ಸ್ಟೆತಾಸ್ಕೋಪ್ ಮತ್ತು ಎಕೋ.

ಬಾಲ್ಯದ ಕಾಯಿಲೆ ಹೆರಿಗೆಯ ರಾತ್ರಿಯೇ ಏಕೆ ಎದ್ದು ಕೂತಿತು ಎಂಬುದನ್ನು ಮನೆಯವರಿಗೆ ನೀವು ವಿವರಿಸಿ ಹೇಳಬೇಕಾಗುತ್ತದೆ, ಏಕೆಂದರೆ ಅವರ ‘ಆಮೇಲೆ ನೋಡೋಣ’ ಎಂಬ ಮಾತಿಗೆ ಉತ್ತರವಿರುವುದು ಇಲ್ಲಿಯೇ. ಹೃದಯ ಕುಗ್ಗುವಾಗ ಈ ಕವಾಟ ಮುಚ್ಚಿರುತ್ತದೆ, ಹಿಗ್ಗುವಾಗ ಮಾತ್ರ ತೆರೆದಿರುತ್ತದೆ. ನಾಡಿ ನಿಮಿಷಕ್ಕೆ 60 ಇದ್ದಾಗ ಪ್ರತಿ ಬಡಿತದಲ್ಲೂ ರಕ್ತ ದಾಟಲು ಸುಮಾರು ಮುಕ್ಕಾಲು ಸೆಕೆಂಡಿಗಿಂತ ತುಸು ಕಡಿಮೆ ಸಮಯ ಸಿಗುತ್ತದೆ. ನಾಡಿ 120ಕ್ಕೆ ಏರಿದರೆ ಅದು ಕಾಲು ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ದಾರಿ ಅಗಲವಿದ್ದವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಕಾಜಾದಷ್ಟು ಸಂದಿನಲ್ಲಿ ಅಷ್ಟು ಹೊತ್ತಿನೊಳಗೆ ರಕ್ತ ದಾಟಲಾರದೆ ಹಿಂದೆ ನಿಲ್ಲುತ್ತದೆ. ಎಡ ಹೃತ್ಕರ್ಣ ಉಬ್ಬುತ್ತದೆ, ಅದರ ಹಿಂದಿನ ಶ್ವಾಸಕೋಶದಲ್ಲಿ ಒತ್ತಡ ಏರಿ ರಕ್ತದ ನೀರಿನಂಶ ಗಾಳಿಗೂಡುಗಳೊಳಗೆ ಜಿನುಗುತ್ತದೆ. ನೀವು ಕಂಡ ಗುಲಾಬಿ ನೊರೆ ಅದೇ. ಬಸುರಿನಲ್ಲಿ ರಕ್ತದ ಪ್ರಮಾಣ ಸುಮಾರು 40ರಿಂದ 50 ಪ್ರತಿಶತ ಏರುತ್ತದೆ, ನಾಡಿಯೂ ಏರುತ್ತದೆ, ಏಳನೇ ತಿಂಗಳ ಸುಮಾರಿಗೆ ಈ ಹೊರೆ ಪೂರ್ತಿಯಾಗಿ ಬಿದ್ದಿರುತ್ತದೆ. ಅದಕ್ಕೇ ಅವರಿಗೆ ದಮ್ಮು ಶುರುವಾದದ್ದು ಆಗ. ಹೆರಿಗೆಯಾದ ಕೂಡಲೇ ಗರ್ಭಕೋಶ ಬಿಗಿದುಕೊಂಡು ತನ್ನಲ್ಲಿದ್ದ ರಕ್ತವನ್ನು ಒಮ್ಮೆಲೇ ಹೃದಯದ ಕಡೆಗೆ ದೂಡುತ್ತದೆ. ಮೊದಲ ಒಂದೆರಡು ದಿನಗಳೇ ಇಂಥವರಿಗೆ ಅತ್ಯಂತ ಅಪಾಯದ ಹೊತ್ತು. ಹೆರಿಗೆ ಸುಸೂತ್ರವಾಯಿತು ಎಂದು ಎಲ್ಲರೂ ನೆಮ್ಮದಿಯಿಂದ ಹೊರಗೆ ಚಹಾ ಕುಡಿಯಲು ಹೋಗಿರುವ ಹೊತ್ತೂ ಅದೇ.

ಕಬ್ಬಿಣದ ಮಾತ್ರೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಬಸುರಿಯರಲ್ಲಿ ರಕ್ತಹೀನತೆ ಸಾಮಾನ್ಯ, ಏದುಸಿರಿಗೆ ಅದೂ ಒಂದು ಕಾರಣವೇ. ಈ ಕವಾಟದ ಸದ್ದನ್ನು ಹಿಡಿಯುವುದೂ ಸುಲಭವಲ್ಲ: ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತಾಸ್ಕೋಪಿನ ಚಿಕ್ಕ ಬಾಯಿಯನ್ನು ಎದೆಯ ಎಡ ತುದಿಯ ಮೇಲೆ ಹಗುರವಾಗಿ ಇಟ್ಟು, ಫ್ಯಾನು ನಿಲ್ಲಿಸಿ, ಬಾಗಿಲು ಮುಂದೆ ಮಾಡಿ ಕೇಳಿದರೆ ದೂರದಲ್ಲಿ ಗಾಡಿಯೊಂದು ಉರುಳಿದಂಥ ಮಂದವಾದ ಗುಡುಗುಡು ಕೇಳುತ್ತದೆ. ದಿನಕ್ಕೆ ನೂರು ಬಸುರಿಯರನ್ನು ನೋಡುವ ಕಡೆ ಅಷ್ಟು ಹೊತ್ತು ಯಾರಿಗಿದೆ? ಕೆಮ್ಮಿನಲ್ಲಿ ರಕ್ತ ಕಂಡಿತೆಂದು ಕಫಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕ್ಷಯದ ಮಾತ್ರೆಯನ್ನು ಆರು ತಿಂಗಳು ನುಂಗಿ ಬಂದವರನ್ನೂ, ಉಬ್ಬಸವೆಂದು ಇನ್‌ಹೇಲರ್ ಹಿಡಿದು ಬಂದವರನ್ನೂ ನಾನು ನೋಡಿದ್ದೇನೆ. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಎರಡು ಮೂರು ದಿಂಬು ಬೇಕಾದರೆ, ಹರೆಯದ ಹೆಣ್ಣುಮಗಳಾದರೂ ಒಂದು ಎಕೋ ಮಾಡಿಸಿ ಎಂದಷ್ಟೇ ಹೇಳುತ್ತೇನೆ.

ಈಗ ಮಾತ್ರೆಗಳ ವಿಷಯ. ಅವರಿಗೆ ಕೊಟ್ಟಿರುವುದು ಎರಡು: ನಾಡಿಯನ್ನು ನಿಧಾನಿಸುವ ಮೆಟೊಪ್ರೊಲಾಲ್, ಮತ್ತು ಮೈಯಲ್ಲಿನ ಹೆಚ್ಚಿನ ನೀರನ್ನು ಮೂತ್ರದಲ್ಲಿ ಇಳಿಸುವ ಫ್ಯುರೊಸೆಮೈಡ್. ಒಂದು ರಕ್ತ ದಾಟಲು ಸಮಯ ಕೊಡುತ್ತದೆ, ಇನ್ನೊಂದು ದಾಟಬೇಕಾದ ರಕ್ತವನ್ನೇ ಸ್ವಲ್ಪ ಕಡಿಮೆ ಮಾಡುತ್ತದೆ. ಎರಡೂ ಒಳ್ಳೆಯ ಔಷಧಗಳೇ, ಎರಡೂ ತಮ್ಮ ಕೆಲಸ ಮಾಡಿವೆ. ಆದರೆ ಅಂಟಿದ ಎಸಳನ್ನು ಬಿಡಿಸುವ ಶಕ್ತಿ ಇವೆರಡಕ್ಕೂ ಇಲ್ಲ. ಆ ಶಕ್ತಿಯಿರುವ ಮಾತ್ರೆಯಾಗಲಿ, ಕಷಾಯವಾಗಲಿ, ಭಸ್ಮವಾಗಲಿ ಎಲ್ಲಿಯೂ ಇಲ್ಲ. ಉಸಿರು ಸರಾಗವಾಗಿದ್ದರೂ ಕವಾಟ 0.9ರಲ್ಲೇ ಇದೆ. ಜೋರು ಜ್ವರ, ಒಂದು ನ್ಯುಮೋನಿಯಾ, ಹಬ್ಬದ ಮನೆಯ ಓಡಾಟ, ಮತ್ತೊಂದು ಬಸುರು, ಇವುಗಳಲ್ಲಿ ಯಾವುದು ನಾಡಿಯನ್ನು ಏರಿಸಿದರೂ ಹೆರಿಗೆಯ ರಾತ್ರಿ ಮರುಕಳಿಸಬಹುದು.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ತಪ್ಪು ಕಾರಣ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಹೆಚ್ಚುಕಡಿಮೆ ನಿಮ್ಮ ತಂಗಿಯದೇ ವಯಸ್ಸಿನ ಹೆಣ್ಣುಮಗಳೊಬ್ಬಳು ಮಾತ್ರೆಯಲ್ಲಿ ಆರಾಮಾಗಿದ್ದಳು. ಸುಗ್ಗಿ ಮುಗಿಯಲಿ ಸಾರ್, ಬರ್ತೀವಿ ಎಂದು ಮನೆಯವರು ಕೇಳಿಕೊಂಡಾಗ ನಾನೂ ಆಗಲಿ ಎಂದೆ. ನಾಲ್ಕು ತಿಂಗಳ ನಂತರ ಬಂದಾಗ ಅವಳ ಬಲಗೈ ಎದೆಯ ಮೇಲೆ ಮಡಚಿಕೊಂಡಿತ್ತು, ಮಾತು ಬರುತ್ತಿರಲಿಲ್ಲ. ಉಬ್ಬಿದ ಹೃತ್ಕರ್ಣ ತಾಳ ತಪ್ಪಿ ಅದುರತೊಡಗಿ, ಅಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮೆದುಳಿಗೆ ಹೋಗಿತ್ತು. ಕವಾಟದ ಚಿಕಿತ್ಸೆ ಆಮೇಲೆ ಆಯಿತು, ಮಾತು ಪೂರ್ತಿ ಬರಲಿಲ್ಲ. ಆವತ್ತಿನಿಂದ ಆರಾಮಿದ್ದಾರೆ ಎಂಬ ಮಾತು ಕೇಳಿದರೆ ನಾನು ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ.

ಬಲೂನೋ, ಬದಲಾವಣೆಯೋ ಎಂಬ ಪ್ರಶ್ನೆಗೆ ಬರುತ್ತೇನೆ. ಹಿಂದಿನ ಕಾಲದಲ್ಲಿ ಶಸ್ತ್ರವೈದ್ಯರು ಎಡಪಕ್ಕೆಯನ್ನು ಸೀಳಿ, ಬಡಿಯುತ್ತಿರುವ ಹೃದಯದೊಳಗೆ ಬೆರಳು ತೂರಿಸಿ ಅಂಟಿದ ಎಸಳನ್ನು ಬಿಡಿಸುತ್ತಿದ್ದರು. ಎಡ ಎದೆಯ ಕೆಳಗೆ ಬಾಗಿದ ಹಳೆಯ ಹೊಲಿಗೆಯ ಗುರುತಿರುವ ಅಜ್ಜಿಯರು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ಆ ಬೆರಳಿನ ಕೆಲಸವನ್ನು ಬಲೂನಿನಿಂದ ಮಾಡಬಹುದೆಂದು ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೌಯೆ 1982ರಲ್ಲಿ ತೋರಿಸಿದರು. ಇವತ್ತಿಗೂ ನಾವು ಬಳಸುವುದು ಹೆಚ್ಚಾಗಿ ಅವರ ಹೆಸರಿನ ಬಲೂನನ್ನೇ. ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಸೂಜಿ ಹಾಕಿ, ಅಲ್ಲಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಹೃದಯದ ಬಲಭಾಗಕ್ಕೆ ಒಯ್ದು, ಎರಡು ಹೃತ್ಕರ್ಣಗಳ ನಡುವಿನ ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟುತ್ತೇವೆ. (ನಿಜವಾದ ತೂತು ಮಾಡುವುದು ಆಗ, ಅದು ತೀರಾ ಚಿಕ್ಕದು, ಬಹುತೇಕ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.) ಬಲೂನಿನ ಮುಂದಿನ ಅರ್ಧ ಮೊದಲು ಉಬ್ಬಿ ಕವಾಟದ ಆಚೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಹಿಂದಿನ ಅರ್ಧ, ಕೊನೆಗೆ ನಡು. ಪರದೆಯ ಮೇಲೆ ಅದು ಡಮರುವಿನಂತೆ ಕಾಣುತ್ತದೆ. ನಡುವಿನ ಸೊಂಟ ಮಾಯವಾದ ಕ್ಷಣದಲ್ಲಿ ಎಸಳುಗಳು ಬಿಟ್ಟುಕೊಂಡವೆಂದು ಅರ್ಥ. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ಬಲೂನಿನ ಅಳತೆಯ ಲೆಕ್ಕ ನಿಮ್ಮ ಏಳನೇ ತರಗತಿಯ ಮಕ್ಕಳೂ ಮಾಡಬಹುದಾದಷ್ಟು ಸರಳ: ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು ಹತ್ತರಿಂದ ಭಾಗಿಸಿ ಹತ್ತು ಕೂಡಿಸಿದರೆ ಬಲೂನಿನ ಅಡ್ಡಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 150 ಸೆಂಟಿಮೀಟರ್ ಎತ್ತರದವರಿಗೆ 25 ಮಿಲಿಮೀಟರ್.

ಇದು ಎಲ್ಲರಿಗೂ ಆಗುವುದಿಲ್ಲ. ಎಸಳು ಎಷ್ಟು ಆಡುತ್ತದೆ, ಎಷ್ಟು ದಪ್ಪವಾಗಿದೆ, ಸುಣ್ಣಗಟ್ಟಿದೆಯೇ, ಅದನ್ನು ಹಿಡಿದಿರುವ ಎಳೆಗಳು ಕುಗ್ಗಿವೆಯೇ ಎಂಬ ನಾಲ್ಕಕ್ಕೂ ಎಕೋದಲ್ಲಿ ಒಂದರಿಂದ ನಾಲ್ಕು ಅಂಕ ಕೊಡುತ್ತೇವೆ, ಒಟ್ಟು 16. ಎಂಟು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಲೂನಿಗೆ ಒಳ್ಳೆಯ ಕವಾಟ. ನಿಮ್ಮ ತಂಗಿಯ ವರದಿಯಲ್ಲಿ 7 ಎಂದು ಬರೆದಿದ್ದಾರೆ. ಸೋರಿಕೆ ಅಲ್ಪ ಎಂದಿದೆ, ನಾಡಿ ಕ್ರಮವಾಗಿದೆ ಎಂದಿದೆ. ಬಾಕಿಯಿರುವುದು ಒಂದೇ ಪರೀಕ್ಷೆ: ಅನ್ನನಾಳದ ಮೂಲಕ ಎಕೋ ಮಾಡಿ ಎಡ ಹೃತ್ಕರ್ಣದ ಮೂಲೆಯಲ್ಲಿ ಹೆಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಹೆಪ್ಪಿದ್ದಾಗ ಕೊಳವೆ ಆಡಿಸಿದರೆ ಅದು ಕಿತ್ತು ಮೆದುಳಿಗೆ ಹೋದೀತು. ಅದೊಂದು ಸರಿಯಿದ್ದರೆ ಬಲೂನ್ ಎಂದ ವೈದ್ಯರ ಮಾತೇ ನನ್ನ ಮಾತು. ಹೈದರಾಬಾದಿನಲ್ಲಿ 60 ರೋಗಿಗಳಲ್ಲಿ ಬಲೂನನ್ನೂ ತೆರೆದ ಶಸ್ತ್ರಚಿಕಿತ್ಸೆಯಿಂದ ಎಸಳು ಬಿಡಿಸುವುದನ್ನೂ ಹೋಲಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಮೂರು ವರ್ಷದ ನಂತರವೂ ಬಲೂನಿನ ಫಲಿತಾಂಶ ಶಸ್ತ್ರಚಿಕಿತ್ಸೆಯದಕ್ಕೆ ಏನೂ ಕಡಿಮೆಯಿರಲಿಲ್ಲ.

ಅಪಾಯ ಇಲ್ಲವೇ ಎಂದರೆ, ಇದೆ. ಎಸಳು ಅಂಚಿನಲ್ಲಿ ಬಿಡುವ ಬದಲು ನಡುವೆ ಹರಿದರೆ ಕವಾಟ ಜೋರಾಗಿ ಸೋರತೊಡಗುತ್ತದೆ, ಆಗ ಶಸ್ತ್ರಚಿಕಿತ್ಸೆ ಮಾಡಲೇಬೇಕಾಗುತ್ತದೆ. ನೂರರಲ್ಲಿ ಎರಡರಿಂದ ಹತ್ತು ಜನರಿಗೆ ಹೀಗಾಗಬಹುದು, ಒಳ್ಳೆಯ ಕವಾಟದಲ್ಲಿ ಕಡಿಮೆ ಕಡೆಗೇ. ಸೂಜಿ ತಪ್ಪಿ ಹೃದಯದ ಸುತ್ತ ರಕ್ತ ತುಂಬಿಕೊಳ್ಳುವುದು ನೂರಕ್ಕೊಂದರ ಆಸುಪಾಸು. ಪಾರ್ಶ್ವವಾಯು ಮತ್ತು ಸಾವು ಅಪರೂಪ, ಆದರೆ ಸೊನ್ನೆಯಲ್ಲ. ಕೈ ಪಳಗಿದ ಕಡೆ ಮಾಡಿಸುವುದು ಇಲ್ಲಿ ನಿಜಕ್ಕೂ ಮುಖ್ಯ; ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅಗತ್ಯ ಬಿದ್ದರೆ ಅದೇ ಆಸ್ಪತ್ರೆಯಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ವ್ಯವಸ್ಥೆಯಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಬಲೂನಿನ ನಂತರ ದ್ವಾರ ಸಾಮಾನ್ಯವಾಗಿ ಎರಡರಷ್ಟಾಗುತ್ತದೆ, ಅಂದರೆ 0.9 ಇದ್ದದ್ದು 1.8ರ ಹತ್ತಿರ ಬರಬಹುದು. 4 ಆಗುವುದಿಲ್ಲ. ಹತ್ತು, ಹದಿನೈದು ವರ್ಷದ ಮೇಲೆ ಮತ್ತೆ ಕಿರಿದಾಗುವವರೂ ಇದ್ದಾರೆ. ಕೆಲವರಿಗೆ ಎರಡನೇ ಬಾರಿಯೂ ಬಲೂನ್ ಆಗುತ್ತದೆ, ಉಳಿದವರಿಗೆ ಆಗ ಕವಾಟ ಬದಲಿಸಬೇಕಾಗುತ್ತದೆ.

ಹಾಗಾದರೆ ಈಗಲೇ ಬದಲಿಸಿಬಿಟ್ಟರೆ ಒಂದೇ ಸಲಕ್ಕೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಮುಗಿಯುವುದಿಲ್ಲ. ಲೋಹದ ಕವಾಟ ಬಾಳಿಕೆಗೆ ಗಟ್ಟಿ. ನಮ್ಮ ದೇಶದ್ದೇ ಆದ ಚಿತ್ರಾ ಕವಾಟ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡು 1990ರಿಂದ ರೋಗಿಗಳ ಎದೆಯಲ್ಲಿ ಬಡಿಯುತ್ತಿದೆ. ಆದರೆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೊಮ್ ಅಥವಾ ವಾರ್ಫರಿನ್ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ಹೇಳುವ ಐಎನ್‌ಆರ್ ರಕ್ತಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸಿ ಅದನ್ನು 2.5ರಿಂದ 3.5ರೊಳಗೆ ಹಿಡಿದಿಡಬೇಕು. ಕಡಿಮೆಯಾದರೆ ಕವಾಟ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಮೆದುಳಲ್ಲೋ ಕರುಳಲ್ಲೋ ರಕ್ತ ಸುರಿಯುತ್ತದೆ. ಆ ಮಾತ್ರೆ ಬಸುರಿನ ಮೊದಲ ಮೂರು ತಿಂಗಳಲ್ಲಿ ಮಗುವಿನ ಬೆಳವಣಿಗೆಗೆ ಕೆಟ್ಟದ್ದು, ಬಿಟ್ಟರೆ ತಾಯಿಯ ಕವಾಟಕ್ಕೆ ಕೆಟ್ಟದ್ದು. ಪ್ರಾಣಿ ಅಂಗಾಂಶದ ಕವಾಟಕ್ಕೆ ಈ ಮಾತ್ರೆಯ ಕಾಟ ಕಡಿಮೆ, ಆದರೆ ಎಳೆಯ ಪ್ರಾಯದವರಲ್ಲಿ ಅದು ಬೇಗ ಸವೆಯುತ್ತದೆ, ಹತ್ತು ಹದಿನೈದು ವರ್ಷದಲ್ಲಿ ಮತ್ತೆ ಎದೆ ತೆರೆಯಬೇಕಾಗುತ್ತದೆ. ಕವಾಟ ಸುಣ್ಣಗಟ್ಟಿದ್ದರೆ, ಸೋರಿಕೆ ಹೆಚ್ಚಿದ್ದರೆ, ಔಷಧ ಕೊಟ್ಟರೂ ಹೆಪ್ಪು ಕರಗದಿದ್ದರೆ ಬದಲಾವಣೆಯೇ ಸರಿ, ಅದರಿಂದ ಬದುಕಿ ಬಾಳುತ್ತಿರುವವರು ಬೇಕಾದಷ್ಟಿದ್ದಾರೆ. ಸ್ವಂತ ಕವಾಟ ಇನ್ನೂ ಇಪ್ಪತ್ತು ವರ್ಷ ದುಡಿಯಬಹುದಾಗಿರುವಾಗ 26ರ ವಯಸ್ಸಿನಲ್ಲಿ ಅದನ್ನು ಕತ್ತರಿಸಿ ತೆಗೆಯಲು ನನಗೆ ಮನಸ್ಸಾಗುವುದಿಲ್ಲ. ಎರಡನೇ ವೈದ್ಯರು ಹಾಗೆ ಹೇಳಿದ್ದಕ್ಕೆ ಈ ವರದಿಯಲ್ಲಿಲ್ಲದ ಬೇರೆ ಕಾರಣವಿರಬಹುದು. ಅದನ್ನು ಅವರಿಂದ ಬರೆಸಿಕೊಂಡು ಮೊದಲ ವೈದ್ಯರಿಗೆ ತೋರಿಸಿ.

ಇನ್ನೊಂದು ಮಗು ಬೇಕೆನ್ನುವ ಮನೆಯವರ ಆಸೆ ತಪ್ಪಲ್ಲ, ಸರದಿ ಮಾತ್ರ ತಪ್ಪು. ಮೊದಲು ಬಲೂನ್, ಆರು ತಿಂಗಳ ನಂತರ ಮತ್ತೊಂದು ಎಕೋ, ದ್ವಾರ 1.5ಕ್ಕಿಂತ ಹೆಚ್ಚು ಉಳಿದು ಶ್ವಾಸಕೋಶದ ಒತ್ತಡ ಇಳಿದಿದ್ದರೆ ಆಗ ಬಸುರು. ಈ ಕ್ರಮದಲ್ಲಿ ಹೋದವರು ಹೃದ್ರೋಗ ತಜ್ಞರಿರುವ ಕಡೆ ಹೆಚ್ಚಾಗಿ ಮಾಮೂಲಿ ಹೆರಿಗೆಯನ್ನೇ ಕಾಣುತ್ತಾರೆ. ಅಲ್ಲಿಯವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಕಾಪರ್-ಟಿ ಆಗಬಹುದು, ಆದರೆ ಈಸ್ಟ್ರೋಜನ್ ಇರುವ ಸಾಮಾನ್ಯ ಗರ್ಭನಿರೋಧಕ ಗುಳಿಗೆ ರಕ್ತ ಹೆಪ್ಪುಗಟ್ಟಿಸುವ ಗುಣದ್ದಾದ್ದರಿಂದ ಇವರಿಗೆ ಬೇಡ. ಅಕಸ್ಮಾತ್ ಗರ್ಭ ನಿಂತರೂ ಕೈಚೆಲ್ಲಬೇಕಾಗಿಲ್ಲ, ಇಪ್ಪತ್ತು ವಾರದ ನಂತರ ಹೊಟ್ಟೆಗೆ ಸೀಸದ ಹೊದಿಕೆ ಕಟ್ಟಿ ಬಲೂನ್ ಮಾಡುವುದುಂಟು.

ಪೆನಿಸಿಲಿನ್ ಈಗಾಗಲೇ ಕೆಟ್ಟ ಕವಾಟವನ್ನು ಸರಿ ಮಾಡುವುದಿಲ್ಲ. ಗಂಟಲು ಬೇನೆ ಮತ್ತೆ ಬಂದು, ರುಮ್ಯಾಟಿಕ್ ಜ್ವರ ಮತ್ತೆ ಎದ್ದು, ಉಳಿದ ಕವಾಟಗಳನ್ನೂ ಕಚ್ಚದಂತೆ ಅದು ಕಾವಲು. ಆದ್ದರಿಂದಲೇ ಬಲೂನ್ ಆದ ಮೇಲೂ, ಕವಾಟ ಬದಲಿಸಿದ ಮೇಲೂ ಅದು ನಿಲ್ಲುವುದಿಲ್ಲ. ಕವಾಟ ಕೆಟ್ಟವರಿಗೆ ಕೊನೆಯ ಬಾರಿ ಜ್ವರ ಬಂದ ನಂತರ ಹತ್ತು ವರ್ಷ ಅಥವಾ ನಲವತ್ತು ತುಂಬುವವರೆಗೆ, ಎರಡರಲ್ಲಿ ಯಾವುದು ದೀರ್ಘವೋ ಅಲ್ಲಿಯವರೆಗೆ ಬೇಕು. ಶಾಲೆಯಲ್ಲಿ ಮಕ್ಕಳ ನಡುವೆ ಇರುವಂಥವರಿಗೆ ಇನ್ನೂ ಮುಂದೆ. ದೊಡ್ಡವರ ಪ್ರಮಾಣ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ, ಮಾಂಸಖಂಡಕ್ಕೆ. ಊರಲ್ಲಿ ಹಾಕಲು ಹೆದರುವುದು ಅಲರ್ಜಿಗೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ, ಆದರೆ ಪ್ರಾಣಕ್ಕೆ ಎರವಾಗುವ ಅಲರ್ಜಿ ತೀರಾ ಅಪರೂಪ. ಇದಕ್ಕಿಂತ ನಾವು ಈಚೆಗೆ ಹೆಚ್ಚು ಗಮನಿಸುತ್ತಿರುವುದು ಬೇರೆ: ಕವಾಟ ತೀವ್ರವಾಗಿ ಕಿರಿದಾದವರು ಸೂಜಿಯ ನೋವಿಗೆ, ಭಯಕ್ಕೆ ರಕ್ತದೊತ್ತಡ ಕುಸಿದು ಬಿದ್ದು ಚೇತರಿಸಿಕೊಳ್ಳದೆ ಹೋಗಿರುವುದುಂಟು, ಅದನ್ನೇ ಅಲರ್ಜಿ ಎಂದು ಬರೆದಿರುವುದೂ ಉಂಟು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಇಂಥ ತೀವ್ರ ರೋಗಿಗಳಿಗೆ ಸೂಜಿಯ ಬದಲು ಮಾತ್ರೆ ಒಳ್ಳೆಯದೆಂದು ಸಲಹೆ ಕೊಟ್ಟಿದೆ. ಹಾಗಾಗಿ ಬಲೂನ್ ಆಗುವವರೆಗೆ ಪೆನಿಸಿಲಿನ್ ವಿ 250 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡು ಬಾರಿ ಕೊಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಕವಾಟ ತೆರೆದ ಮೇಲೆ ಸೂಜಿಗೆ ಬದಲಾಯಿಸಿಕೊಳ್ಳಬಹುದು, ಏಕೆಂದರೆ ದಿನಕ್ಕೆರಡು ಮಾತ್ರೆಯನ್ನು ವರ್ಷಗಟ್ಟಲೆ ಮರೆಯದೆ ನುಂಗುವವರು ನೂರಕ್ಕೆ ಹತ್ತು ಜನರೂ ನನಗೆ ಸಿಕ್ಕಿಲ್ಲ. ಆಗ ತಾಲ್ಲೂಕು ಆಸ್ಪತ್ರೆಯಲ್ಲಿ, ಅಲರ್ಜಿಯಾದರೆ ಕೂಡಲೇ ಕೊಡುವ ಅಡ್ರಿನಲಿನ್ ಔಷಧ ಕೈಗೆಟುಕುವ ಕಡೆ, ಉಪವಾಸವಿರದೆ ನೀರು ಕುಡಿದು ಹೋಗಿ, ಮಲಗಿಕೊಂಡೇ ಹಾಕಿಸಿಕೊಂಡು, ಅರ್ಧ ಗಂಟೆ ಅಲ್ಲೇ ಇದ್ದು ಬರಲಿ. ಶಾಲೆಯ ಕ್ಯಾಲೆಂಡರಿನಲ್ಲಿ 21 ದಿನಕ್ಕೊಂದು ಕೆಂಪು ಗುರುತು ಹಾಕುವ ಕೆಲಸ ನಿಮಗಿರಲಿ.

ವಾರಕ್ಕೊಮ್ಮೆ ಮಣಿಕಟ್ಟಿನ ನಾಡಿ ಹಿಡಿದು ನೋಡುವುದನ್ನು ಅವರಿಗೂ, ಅವರ ಗಂಡನಿಗೂ ಕಲಿಸಿಕೊಡಿ. ಬಡಿತ ಗೊತ್ತುಗುರಿಯಿಲ್ಲದೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಬರತೊಡಗಿದರೆ ಅವತ್ತೇ ಇಸಿಜಿ ಮಾಡಿಸಬೇಕು, ಹೆಪ್ಪು ತಡೆಯುವ ಮಾತ್ರೆ ಶುರುವಾಗಬೇಕು. ರಕ್ತಪರೀಕ್ಷೆಯ ಗೋಜಿಲ್ಲದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂದು ಯಾರಾದರೂ ಹೇಳಿದರೆ, ಅವು ಈ ಕಾಯಿಲೆಗಲ್ಲ ಎಂದು ತಿಳಿಸಿ: ಭಾರತವೂ ಸೇರಿದಂತೆ 24 ದೇಶಗಳ ನಾಲ್ಕೂವರೆ ಸಾವಿರ ರುಮ್ಯಾಟಿಕ್ ಹೃದ್ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ, ಹೊಸ ಮಾತ್ರೆ ರಿವಾರೊಕ್ಸಬಾನ್ ತೆಗೆದುಕೊಂಡವರಿಗಿಂತ ವಾರ್ಫರಿನ್‌ನಂಥ ಹಳೆಯ ಮಾತ್ರೆಯವರಲ್ಲೇ ಸಾವು ಕಡಿಮೆಯಿತ್ತು.

ಊಟದಲ್ಲಿ ಉಪ್ಪು ಹಿಡಿತದಲ್ಲಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹಬ್ಬಕ್ಕಷ್ಟೇ. ಹಲ್ಲು ಹುಳುಕಾಗಲು ಬಿಡಬೇಡಿ, ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕೆಟ್ಟ ಕವಾಟದ ಮೇಲೆ ಮನೆ ಮಾಡುತ್ತದೆ. ಕಾರಣ ತಿಳಿಯದ ಜ್ವರ ವಾರ ಕಳೆದರೂ ಬಿಡದಿದ್ದರೆ ಆ್ಯಂಟಿಬಯಾಟಿಕ್ ನುಂಗುವ ಮೊದಲು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಶಿಫಾರಸು ಪತ್ರ ಬರೆಸಿಕೊಳ್ಳಿ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಗೆ ಬೆಂಗಳೂರು, ಮೈಸೂರುಗಳಲ್ಲದೆ ಕಲಬುರಗಿಯಲ್ಲೂ ಆಸ್ಪತ್ರೆಯಿದೆ. ನಿಮಗೆ ಹತ್ತಿರವಾಗುವುದು ಅದೇ. ಹೋಗುವಾಗ ಎಕೋ ವರದಿಯ ಹಾಳೆಯ ಜೊತೆಗೆ, ಸಿಕ್ಕರೆ ಅದರ ಚಿತ್ರಗಳ ಸಿಡಿಯನ್ನೂ, ಹೆರಿಗೆಯ ಡಿಸ್ಚಾರ್ಜ್ ಕಾರ್ಡನ್ನೂ ಒಯ್ಯಿರಿ. ಎಲ್ಲವೂ ಸರಿಹೋದರೆ ಎರಡು ಮೂರು ದಿನದಲ್ಲಿ ಮನೆಗೆ ಕಳಿಸುತ್ತಾರೆ, ಆದ್ದರಿಂದ ಮೊಲೆ ಕುಡಿಯುವ ಮಗುವನ್ನು ಅಜ್ಜಿಯ ಜೊತೆ ಕರೆದೊಯ್ದರೆ ಸಾಕು, ಹಾಲು ಬಿಡಿಸಬೇಕಾಗಿಲ್ಲ.

ಆ ಮಗುವಿಗೂ ಈ ಕಾಯಿಲೆ ಬರುತ್ತದೆಯೇ ಎಂದು ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹುಟ್ಟಿನಿಂದ ಬರುವುದಿಲ್ಲ, ಹಾಲಿನಿಂದ ಬರುವುದಿಲ್ಲ. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದ ಮೇಲೆ, ನೆಗಡಿ ಕೆಮ್ಮಿಲ್ಲದೆ ಜ್ವರದ ಜೊತೆ ನುಂಗಲಾರದಂಥ ಗಂಟಲು ನೋವು ಬಂದರೆ, ಒಂಬತ್ತು ದಿನದೊಳಗೆ ಪೆನಿಸಿಲಿನ್ ಶುರುಮಾಡಿ ಹತ್ತು ದಿನ ಪೂರ್ತಿ ಕೊಟ್ಟರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ನಿಮ್ಮ ತರಗತಿಯ ಮಕ್ಕಳಿಗೂ ಈ ಲೆಕ್ಕ ಅನ್ವಯಿಸುತ್ತದೆ.